ಕಡಲತಳದ ಫೊರಾಮಿನಿಫೆರಗಳು: ಚಿಪ್ಪಿನ ರಚನೆ ಮತ್ತು ವರ್ಗೀಕರಣ

ಗ್ರೀಕ್ ಭೂಗೋಳಜ್ಞನಾದ ಸ್ಟ್ರಾಬೊ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಈಜಿಪ್ಟಿನ ಪಿರಮಿಡ್ಡುಗಳನ್ನು ಕುರಿತು ಬರೆಯುವಾಗ ಒಂದು ವಿಚಿತ್ರ ಸಂಗತಿಯನ್ನು ದಾಖಲಿಸಿದ್ದಾನೆ. ಅಲ್ಲಿ ರಾಶಿಬಿದ್ದಿದ್ದ ಕಲ್ಲಿನ ಚೂರುಗಳ ನಡುವೆ ಚನ್ನಂಗಿ ಬೇಳೆಯ ಆಕಾರದ ಸಣ್ಣ ಸಣ್ಣ ಬಿಲ್ಲೆಗಳು ಕಂಡುಬರುತ್ತಿದ್ದವು. ಪಿರಮಿಡ್ಡು ಕಟ್ಟಿದ ಕೂಲಿಕಾರರು ಉಂಡು ಉಳಿಸಿದ ಕಾಳುಗಳೇ ಕಾಲಾಂತರದಲ್ಲಿ ಕಲ್ಲಾಗಿವೆ ಎಂದು ಸುತ್ತಲಿನ ಜನರು ಹೇಳುತ್ತಿದ್ದರು. ತನ್ನ ಸ್ವಂತ ನಾಡಿನ ಬಯಲಿನಲ್ಲಿಯೂ ಇಂತಹ ಹರಳುಗಳಿಂದ ತುಂಬಿದ ಒಂದು ಗುಡ್ಡವಿರುವುದನ್ನು ಸ್ಟ್ರಾಬೊ ನೆನೆಯುತ್ತಾನೆ. ಆ ಬಿಲ್ಲೆಗಳು ಬೇಳೆಯೂ ಅಲ್ಲ, ಸಾಮಾನ್ಯ ಹರಳೂ ಅಲ್ಲ. ಸುಮಾರು ನಾಲ್ಕೂವರೆ ಕೋಟಿ ವರ್ಷಗಳ ಹಿಂದೆ ಅಲ್ಲಿ ಹರಡಿದ್ದ ಬೆಚ್ಚನೆಯ, ಆಳವಿಲ್ಲದ ಕಡಲಿನ ತಳದಲ್ಲಿ ಬಾಳಿದ ನುಮ್ಮುಲೈಟ್ ಎಂಬ ಜೀವಿಯ ಚಿಪ್ಪುಗಳು ಅವು. ಒಂದೊಂದು ಬಿಲ್ಲೆಯನ್ನೂ ಕಟ್ಟಿದುದು ಒಂದೇ ಒಂದು ಜೀವಕೋಶ.

ಈ ಜೀವಿಗಳ ವರ್ಗಕ್ಕೆ ಫೊರಾಮಿನಿಫೆರ ಎಂದು ಹೆಸರು. ಲ್ಯಾಟಿನ್ ಮೂಲದ ಈ ಪದಕ್ಕೆ 'ರಂಧ್ರವನ್ನು ಧರಿಸಿದ್ದು' ಎಂದರ್ಥ. ಇಲ್ಲಿ ಹೇಳಿದ ರಂಧ್ರಗಳು ಚಿಪ್ಪಿನ ಹೊರಮೈಯ ಸೂಕ್ಷ್ಮ ತೂತುಗಳಲ್ಲ. ಒಂದು ಕೋಣೆಯಿಂದ ಮುಂದಿನ ಕೋಣೆಗೆ ದಾರಿಯಾಗುವ ಒಳಬಾಗಿಲುಗಳು ಎಂಬುದನ್ನು ಮೊದಲೇ ಗಮನಿಸುವುದು ಒಳ್ಳೆಯದು. ಪಠ್ಯಪುಸ್ತಕಗಳಲ್ಲಿ ಈ ಎರಡನ್ನೂ ಬೆರೆಸಿ ಹೇಳಿರುವುದುಂಟು.

ಇಂದು ಜೀವಿಸಿರುವ ಫೊರಾಮಿನಿಫೆರ ಪ್ರಭೇದಗಳ ಸಂಖ್ಯೆ ಸುಮಾರು 9,000. ಇವುಗಳಲ್ಲಿ ನೀರಿನ ಮೇಲ್ಪದರಗಳಲ್ಲಿ ತೇಲುತ್ತ ಬಾಳುವ ಪ್ರಭೇದಗಳು ಐವತ್ತರ ಆಸುಪಾಸಿನಲ್ಲಿವೆ, ಅಷ್ಟೇ. ಉಳಿದವುಗಳೆಲ್ಲವೂ ತಳವಾಸಿಗಳು. ಕೆಸರಿನ ಮೇಲ್ಮೈಯಲ್ಲಿ, ಅದರೊಳಗೆ ಕೆಲವು ಅಂಗುಲಗಳ ಆಳದಲ್ಲಿ, ಕಲ್ಲಿನ ಮೇಲೆ, ಕಡಲ ಹುಲ್ಲಿನ ಎಲೆಗಳ ಮೇಲೆ ಇವು ನೆಲೆಸುತ್ತವೆ. ನದಿ ಕಡಲನ್ನು ಸೇರುವ ಅಳಿವೆಯ ಚೌಳುನೀರಿನಿಂದ ಮಹಾಸಾಗರದ ಕಂದಕಗಳವರೆಗೆ ಇವುಗಳಿಲ್ಲದ ಎಡೆಯಿಲ್ಲವೆಂದರೆ ತಪ್ಪಾಗಲಾರದು. ಬಹುಪಾಲು ಚಿಪ್ಪುಗಳ ಗಾತ್ರ ಮಿಲಿಮೀಟರಿನ ಹತ್ತನೆಯ ಒಂದು ಭಾಗದಿಂದ ಒಂದು ಮಿಲಿಮೀಟರಿನವರೆಗೆ ಇರುತ್ತದೆ. ಆದರೆ ನುಮ್ಮುಲೈಟುಗಳಲ್ಲಿ ಕೆಲವು ಅಂಗೈಯನ್ನು ತುಂಬುವಷ್ಟು ಬೆಳೆಯುತ್ತಿದ್ದವು.

ಜೀವಿಯ ಶರೀರವೆಂಬುದು ಒಂದು ಹನಿ ಜೀವದ್ರವ್ಯ. ಚಿಪ್ಪಿನ ಬಾಗಿಲಿನಿಂದ ಅದು ನೂಲಿಗಿಂತಲೂ ಎಷ್ಟೋ ತೆಳ್ಳಗಿನ ಎಳೆಗಳಾಗಿ ಹೊರಹರಿದು, ಕವಲೊಡೆದು, ಮತ್ತೆ ಕೂಡಿಕೊಂಡು ಬಲೆಯಂತೆ ಹರಡುತ್ತದೆ. ಈ ಮಿಥ್ಯಾಪಾದಗಳ ಒಂದೇ ಎಳೆಯಲ್ಲಿ ಸಣ್ಣ ಕಣಗಳು ಏಕಕಾಲದಲ್ಲಿ ಹೊರಮುಖವಾಗಿಯೂ ಒಳಮುಖವಾಗಿಯೂ ಹರಿಯುತ್ತಿರುವುದನ್ನು ಸೂಕ್ಷ್ಮದರ್ಶಕದಲ್ಲಿ ಕಾಣಬಹುದು. ಆಹಾರವನ್ನು ಹಿಡಿಯುವುದು, ತೆವಳುವುದು, ಮಲವನ್ನು ಹೊರಹಾಕುವುದು, ಮನೆ ಕಟ್ಟುವುದು ಎಲ್ಲವೂ ಈ ಎಳೆಗಳಿಂದಲೇ ನಡೆಯುತ್ತದೆ. ಜೀವಿ ಸತ್ತ ಮೇಲೆ ಇದಾವುದೂ ಉಳಿಯುವುದಿಲ್ಲ. ಉಳಿಯುವುದು ಚಿಪ್ಪು ಒಂದೇ. ಈ ಕಾರಣದಿಂದಲೇ ಫೊರಾಮಿನಿಫೆರಗಳ ವರ್ಗೀಕರಣವೆಂದರೆ ಚಿಪ್ಪಿನ ವರ್ಗೀಕರಣ ಎಂಬ ಸ್ಥಿತಿ ಎರಡು ಶತಮಾನಗಳ ಕಾಲ ನಡೆದುಬಂದಿತು. ಬಿಟ್ಟುಹೋದ ಮನೆಯನ್ನು ನೋಡಿ ಅದರ ಒಡೆಯನ ವಂಶಾವಳಿಯನ್ನು ಹೇಳುವ ಕೆಲಸವಿದು. ಮನೆಯ ಯಾವ ಲಕ್ಷಣವನ್ನು ನಂಬಬೇಕು, ಗೋಡೆಯನ್ನೋ, ಕೋಣೆಗಳ ಜೋಡಣೆಯನ್ನೋ ಎಂಬ ಪ್ರಶ್ನೆಯೇ ಈ ಶಾಸ್ತ್ರದ ಚರಿತ್ರೆಯುದ್ದಕ್ಕೂ ಹರಿದಿರುವ ವಿವಾದ.

1758ರಲ್ಲಿ ಲಿನೇಯಸ್ ಜೀವಿಗಳಿಗೆ ಹೆಸರಿಟ್ಟಾಗ, ಆ ಕಾಲಕ್ಕೆ ತಿಳಿದಿದ್ದ ಕೆಲವೇ ಫೊರಾಮಿನಿಫೆರಗಳನ್ನು ನಾಟಿಲಸ್ ಎಂಬ ಕಡಲ ಪ್ರಾಣಿಯ ಜೊತೆಯಲ್ಲಿ ಇರಿಸಿದನು. ನಾಟಿಲಸಿನ ಚಿಪ್ಪು ಸುರುಳಿ ಸುತ್ತಿದ್ದು, ಒಳಗೆ ಅಡ್ಡಗೋಡೆಗಳಿಂದ ಕೋಣೆಗಳಾಗಿ ವಿಭಾಗಗೊಂಡಿರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಚಿಪ್ಪಿನಲ್ಲಿಯೂ ಅಂತಹದೇ ವಿನ್ಯಾಸ ಕಂಡುಬಂದುದರಿಂದ ಇದೂ ಅದರ ಬಂಧುವೇ ಇರಬೇಕೆಂದು ತೋರಿದುದು ಅಸಹಜವಲ್ಲ. ಈ ಊಹೆಯನ್ನು ಒಂದು ಪೂರ್ಣ ಪದ್ಧತಿಯಾಗಿ ಬೆಳೆಸಿದವನು ಫ್ರಾನ್ಸಿನ ಆಲ್ಸಿಡ್ ಡೋರ್ಬಿನಿ. ಲಾ ರೊಶೆಲ್ ಪಟ್ಟಣದ ಬಳಿಯ ಕಡಲತೀರದಲ್ಲಿ ಬೆಳೆದ ಈತನು ಮರಳಿನಲ್ಲಿ ಸಿಗುವ ಸೂಕ್ಷ್ಮ ಚಿಪ್ಪುಗಳನ್ನು ಚಿಕ್ಕಂದಿನಿಂದಲೇ ಕಂಡವನು. ಇಪ್ಪತ್ತನಾಲ್ಕರ ಹರೆಯದಲ್ಲಿ, 1826ರಲ್ಲಿ ಅವನು ಪ್ರಕಟಿಸಿದ ಪ್ರಬಂಧದಲ್ಲಿಯೇ ಫೊರಾಮಿನಿಫೆರ ಎಂಬ ಹೆಸರು ಮೊದಲಬಾರಿಗೆ ಕಾಣಿಸಿಕೊಂಡಿತು. ಆದರೆ ಅವನ ಮತದಲ್ಲಿ ಅವು ಆಕ್ಟೊಪಸ್ ಮತ್ತು ನಾಟಿಲಸುಗಳು ಸೇರಿದ ಶಿರಪಾದಿಗಳ ವರ್ಗದ ಒಂದು ಗಣ. ನಾಟಿಲಸಿನ ಕೋಣೆಗಳನ್ನು ಒಂದು ಕೊಳವೆ ಕೂಡಿಸುತ್ತದೆ, ಇವುಗಳಲ್ಲಿ ಬರಿಯ ರಂಧ್ರಗಳು ಕೂಡಿಸುತ್ತವೆ ಎಂಬುದೇ ಅವನು ಕಂಡ ವ್ಯತ್ಯಾಸ.

ಡೋರ್ಬಿನಿ ಮಾಡಿದ ಇನ್ನೊಂದು ಕೆಲಸ ಉಪಾಧ್ಯಾಯರ ಗಮನಕ್ಕೆ ಅರ್ಹವಾದುದು. ಈ ಚಿಪ್ಪುಗಳನ್ನು ಎಲ್ಲರೂ ನೋಡಲಾರರೆಂದು ತಿಳಿದು, ಅವುಗಳ ಬಹುಪಟ್ಟು ದೊಡ್ಡದಾದ ಮಾದರಿಗಳನ್ನು ತನ್ನ ಕೈಯಿಂದಲೇ ಕೆತ್ತಿ, ಅಚ್ಚುಗಳನ್ನು ತೆಗೆದು, ಸುಣ್ಣದ ಗಾರೆಯಂತಹ ಪ್ಲಾಸ್ಟರಿನಲ್ಲಿ ಎರಕಹೊಯ್ದು, ನೂರು ಮಾದರಿಗಳನ್ನು ಕಂತುಕಂತಾಗಿ ಹೊರತಂದನು. ವರ್ಗೀಕರಣಕ್ಕೆ ಅವನು ಆರಿಸಿಕೊಂಡ ಆಧಾರವು ಕೋಣೆಗಳ ಜೋಡಣೆ: ಒಂದೇ ನೇರಸಾಲಿನಲ್ಲಿ ಬೆಳೆಯುವುವು, ಎಡಬಲಕ್ಕೆ ಪರ್ಯಾಯವಾಗಿ ಬೆಳೆಯುವುವು, ಸುರುಳಿಯಾಗಿ ಬೆಳೆಯುವುವು, ಒಂದು ಅಕ್ಷದ ಸುತ್ತ ಉಂಡೆಯ ನೂಲಿನಂತೆ ಸುತ್ತುವುವು ಇತ್ಯಾದಿ.

1835ರಲ್ಲಿ ಫೆಲಿಕ್ಸ್ ಡುಜಾರ್ಡಿನ್ ಈ ಕಟ್ಟಡದ ಬುಡವನ್ನೇ ಅಲುಗಿಸಿದನು. ಅವನು ಸತ್ತ ಚಿಪ್ಪನ್ನು ಬಿಟ್ಟು ಜೀವಂತ ಜೀವಿಯನ್ನು ನೋಡಿದನು. ಆಕ್ಟೊಪಸಿನ ಬಾಹುಗಳಾಗಲಿ, ಕಣ್ಣಾಗಲಿ, ಯಾವ ಅಂಗವಾಗಲಿ ಅಲ್ಲಿರಲಿಲ್ಲ. ಇದ್ದುದು ಹರಿಯುವ, ರಚನೆಯಿಲ್ಲದಂತೆ ತೋರುವ ಒಂದು ಲೋಳೆ ಮಾತ್ರ. ಅದಕ್ಕೆ ಅವನು 'ಸಾರ್ಕೋಡ್' ಎಂದು ಹೆಸರಿಟ್ಟನು. ಜೀವದ್ರವ್ಯದ ಪರಿಕಲ್ಪನೆಯ ಮೊದಲ ಹೆಜ್ಜೆಗಳಲ್ಲಿ ಇದೂ ಒಂದು. ಡೋರ್ಬಿನಿ ಅನಂತರ ಈ ನಿರ್ಣಯವನ್ನು ಒಪ್ಪಿಕೊಂಡನು. ಜೀವಿ ಯಾವುದೆಂಬ ವಿಷಯದಲ್ಲಿ ಅವನು ಎಡವಿದ್ದನೆಂಬುದು ನಿಜ. ಆದುದರಿಂದ ಅವನ ಕೋಣೆಗಳ ಲೆಕ್ಕವೂ ತಪ್ಪೇ ಎಂದು ಮುಂದಿನ ತಲೆಮಾರು ತೀರ್ಮಾನಿಸಿತು. ಅದು ಅವಸರದ ತೀರ್ಮಾನ.

ಆ ತಲೆಮಾರಿನ ಮುಂದಾಳು ಇಂಗ್ಲೆಂಡಿನ ವಿಲಿಯಂ ಕಾರ್ಪೆಂಟರ್. ಪಾರ್ಕರ್ ಮತ್ತು ಜೋನ್ಸ್ ಎಂಬ ಇಬ್ಬರ ನೆರವಿನಿಂದ 1862ರಲ್ಲಿ ಅವನು ಹೊರತಂದ ದೊಡ್ಡ ಗ್ರಂಥದಲ್ಲಿ, ಬೆಳೆಯುವ ವಿನ್ಯಾಸಕ್ಕೆ ಹೆಚ್ಚು ಬೆಲೆಯಿಲ್ಲ, ಗೋಡೆಯ ಸ್ವರೂಪವೇ ಮುಖ್ಯ ಎಂದು ವಾದಿಸಿದನು. ಗೋಡೆಯಲ್ಲಿ ಸೂಕ್ಷ್ಮರಂಧ್ರಗಳಿವೆಯೋ ಇಲ್ಲವೋ ಎಂಬುದು ಅವನ ಮೊದಲ ಪ್ರಶ್ನೆ. ಅದೇ ಕಾಲದಲ್ಲಿ ಆಸ್ಟ್ರಿಯದ ರಾಯ್ಸನೂ ಗೋಡೆಯ ದ್ರವ್ಯಕ್ಕೆ ಪ್ರಾಧಾನ್ಯವನ್ನು ಕೊಟ್ಟನು. ಅಲ್ಲಿಂದ ಮುಂದೆ ನೂರೈವತ್ತು ವರ್ಷಗಳ ಕಾಲ ಗೋಡೆಯೇ ಗೆದ್ದಿತು. ಇಂದಿಗೂ ವಿದ್ಯಾರ್ಥಿಗಳು ಮೊದಲು ಕಲಿಯುವುದು ಗೋಡೆಯನ್ನು ಗುರುತಿಸುವುದನ್ನೇ. ಅದು ಸರಿಯಾದ ಕ್ರಮವೂ ಹೌದು.

ಗೋಡೆಗಳಲ್ಲಿ ಅತ್ಯಂತ ಸರಳವಾದುದು ಬರಿಯ ಜೈವಿಕ ಪೊರೆ. ಅಲ್ಲೊಗ್ರೋಮಿಯ ಮೊದಲಾದ ಒಂಟಿಕೋಣೆಯ ಜೀವಿಗಳಲ್ಲಿ ಇದನ್ನು ಕಾಣಬಹುದು. ಇಂತಹ ಚಿಪ್ಪು ಕಲ್ಲಿನಲ್ಲಿ ಉಳಿಯುವುದು ಅಪರೂಪ.

ಎರಡನೆಯದು ಅಂಟುಗೋಡೆ. ಈ ಜೀವಿ ತಾನೇ ಸುಣ್ಣವನ್ನು ಸ್ರವಿಸುವ ಬದಲು, ಸುತ್ತಲಿನ ತಳದಿಂದ ಮರಳಿನ ಕಣಗಳನ್ನು, ಇತರ ಚಿಪ್ಪುಗಳ ಚೂರುಗಳನ್ನು, ಸ್ಪಂಜಿನ ಮುಳ್ಳುಗಳನ್ನು ಆಯ್ದು ತಂದು, ತನ್ನ ಸ್ರಾವದಿಂದ ಅಂಟಿಸಿ ಗೋಡೆ ಕಟ್ಟುತ್ತದೆ. ಒಳಮೈ ನುಣುಪಾಗಿರುವಂತೆ ಕಣಗಳನ್ನು ಹೊಂದಿಸುವ ಕೌಶಲವನ್ನು ನೋಡಿದರೆ, ಕಾಡುಗಲ್ಲಿನ ಗೋಡೆ ಕಟ್ಟುವ ಒಳ್ಳೆಯ ಉಪ್ಪಾರನ ನೆನಪಾಗುತ್ತದೆ. ಕೆಲವು ಜಾತಿಗಳು ಸಿಕ್ಕಿದುದನ್ನೆಲ್ಲ ಬಳಸುತ್ತವೆ. ಇನ್ನು ಕೆಲವು ಅತ್ಯಂತ ಹಟಮಾರಿಗಳು. ಟೆಕ್ನಿಟೆಲ್ಲ ಥಾಂಪ್ಸನಿ ಎಂಬ ಪ್ರಭೇದವು ಕಂಟಕಚರ್ಮಿ ಪ್ರಾಣಿಗಳ ದೇಹದ ಸಣ್ಣ ತೂತುಬಿಲ್ಲೆಗಳನ್ನೇ ಆಯ್ದು ತಂದು ಗೋಡೆಗೆ ಜೋಡಿಸುತ್ತದೆ. ಇದನ್ನು ವಿವರಿಸಿದ ಹೆರಾನ್-ಅಲೆನ್ ಮತ್ತು ಅರ್ಲೆಂಡ್ ಎಂಬ ಇಂಗ್ಲಿಷ್ ವಿದ್ವಾಂಸರಲ್ಲಿ ಮೊದಲನೆಯವನು ಏಕಕೋಶಜೀವಿಗಳಿಗೆ ಒಂದು ಬಗೆಯ ಬುದ್ಧಿಯಿದೆಯೆಂದೇ ವಾದಿಸಿದನು. ಬುದ್ಧಿಯೆಂಬ ಪದ ಇಲ್ಲಿ ಹೆಚ್ಚಾಯಿತೆಂದು ತೋರುತ್ತದೆ. ಆದರೆ ನರವೇ ಇಲ್ಲದ ಒಂದು ಕೋಶ ಕೆಸರಿನ ರಾಶಿಯಲ್ಲಿ ಒಂದೇ ಬಗೆಯ ಕಣವನ್ನು ಹೇಗೆ ಗುರುತಿಸುತ್ತದೆ ಎಂಬ ಅವನ ಪ್ರಶ್ನೆಯಂತೂ ಗಟ್ಟಿಯಾದದ್ದೇ.

ಮೂರನೆಯದು ಸುಣ್ಣದ ಗೋಡೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಮಿಲಿಯೋಲಿಡ್ ಗಣದ ಚಿಪ್ಪು ಪಿಂಗಾಣಿಯಂತೆ ಬೆಳ್ಳಗೆ, ನುಣ್ಣಗೆ ಹೊಳೆಯುತ್ತದೆ. ಅದರ ಗೋಡೆಯಲ್ಲಿ ಕ್ಯಾಲ್ಸೈಟಿನ ಸೂಕ್ಷ್ಮ ಸೂಜಿಗಳು ಯಾವುದೇ ಕ್ರಮವಿಲ್ಲದೆ ಚೆಲ್ಲಾಪಿಲ್ಲಿಯಾಗಿ ಹರಡಿರುವುದರಿಂದ ಬೆಳಕು ಎಲ್ಲ ದಿಕ್ಕಿಗೂ ಚದರಿ ಆ ಬಿಳುಪು ಉಂಟಾಗುತ್ತದೆ. ಅದೇ ಚಿಪ್ಪನ್ನು ಕೆಳಗಿನಿಂದ ಬೆಳಕು ಹಾಯಿಸಿ ನೋಡಿದರೆ ಕಂದುಬಣ್ಣವಾಗಿ ಕಾಣುತ್ತದೆ. ಈ ಗೋಡೆಯಲ್ಲಿ ಮೆಗ್ನೀಷಿಯಂ ಹೆಚ್ಚು. ರಂಧ್ರಗಳು ಸಾಮಾನ್ಯವಾಗಿ ಇಲ್ಲ. ರೊಟಾಲಿಡ್ ಗಣದ ಚಿಪ್ಪಾದರೋ ಗಾಜಿನಂತೆ ಪಾರದರ್ಶಕ. ಅದರಲ್ಲಿ ಸ್ಫಟಿಕಗಳು ಕ್ರಮಬದ್ಧವಾಗಿ ನಿಂತಿರುತ್ತವೆ, ಗೋಡೆಯ ತುಂಬ ಸೂಕ್ಷ್ಮರಂಧ್ರಗಳಿರುತ್ತವೆ. ಈ ರಂಧ್ರಗಳಿಂದ ಮಿಥ್ಯಾಪಾದಗಳು ಹೊರಬರುತ್ತವೆಂದು ಹಿಂದೆ ಬರೆಯುತ್ತಿದ್ದರು. ತೆಳುಪೊರೆಯೊಂದು ಅವುಗಳನ್ನು ಮುಚ್ಚಿರುವುದು ಆಮೇಲೆ ತಿಳಿದುಬಂದಿತು. ಅನಿಲಗಳ ವಿನಿಮಯಕ್ಕೆ ಅವು ನೆರವಾಗುತ್ತವೆ. ಆಮ್ಲಜನಕ ವಿರಳವಾದ ಕೆಸರಿನಲ್ಲಿ ಬಾಳುವ ಬೊಲಿವಿನದಂತಹ ಜಾತಿಗಳಲ್ಲಿ ಕೋಶದ ಉಸಿರಾಟದ ಅಂಗಕಗಳಾದ ಮೈಟೊಕಾಂಡ್ರಿಯಗಳು ಈ ರಂಧ್ರಗಳ ಬುಡದಲ್ಲಿಯೇ ಗುಂಪುಗೂಡಿರುವುದು ಇದಕ್ಕೆ ಸಾಕ್ಷಿ. ಗಾಜುಗೋಡೆಯ ಚಿಪ್ಪಿನಲ್ಲಿ ಇನ್ನೊಂದು ವಿಶೇಷವಿದೆ: ಹೊಸ ಕೋಣೆಯನ್ನು ಕಟ್ಟಿದಾಗಲೆಲ್ಲ ಹಳೆಯ ಚಿಪ್ಪಿನ ಮೇಲೆಯೂ ಒಂದು ತೆಳುಪದರ ಹರಡುತ್ತದೆ. ಹೀಗಾಗಿ ಮೊದಲ ಕೋಣೆಗಳ ಗೋಡೆ ಎಲ್ಲಕ್ಕಿಂತ ದಪ್ಪ.

ಇವಲ್ಲದೆ ಸೂಕ್ಷ್ಮಕಣಗಳ ಸುಣ್ಣಗೋಡೆಯನ್ನು ಹೊಂದಿದ್ದ ಫ್ಯುಸುಲಿನಿಡುಗಳು ಬಾರ್ಲಿಕಾಳಿನ ಆಕಾರದಲ್ಲಿ ಬೆಳೆದು, ಸುಮಾರು 25 ಕೋಟಿ ವರ್ಷಗಳ ಹಿಂದೆ ಪರ್ಮಿಯನ್ ಯುಗದ ಕೊನೆಯಲ್ಲಿ ನಿರ್ನಾಮವಾದವು.

ಇನ್ನು ಕೋಣೆಗಳ ವಿಚಾರ. ಚಿಪ್ಪು ಪ್ರಾರಂಭವಾಗುವುದು ಒಂದು ದುಂಡು ಆದಿಕೋಣೆಯಿಂದ. ಲಾಜಿನದಂತಹ ಜೀವಿಗಳು ಹೂಜಿಯಾಕಾರದ ಆ ಒಂದೇ ಕೋಣೆಯಲ್ಲಿ ಜೀವಮಾನವನ್ನು ಕಳೆಯುತ್ತವೆ. ಬಹುಪಾಲು ಜಾತಿಗಳು ಬೆಳೆದಂತೆಲ್ಲ ಕೋಣೆಗಳನ್ನು ಸೇರಿಸುತ್ತ ಹೋಗುತ್ತವೆ. ಹೊಸ ಕೋಣೆ ಕಟ್ಟುವಾಗ ಜೀವಿ ಕಸಕಡ್ಡಿಗಳನ್ನು ಸುತ್ತಲೂ ಒಟ್ಟಿ ಮರೆಮಾಡಿಕೊಂಡು, ಒಂದು ಜೈವಿಕ ಪೊರೆಯನ್ನು ಅಚ್ಚಿನಂತೆ ಉಬ್ಬಿಸಿ, ಅದರ ಮೇಲೆ ಕೆಲವು ಗಂಟೆಗಳಲ್ಲಿ ಸುಣ್ಣವನ್ನು ಹೆಪ್ಪುಗಟ್ಟಿಸುವುದನ್ನು ಗಾಜುಗೋಡೆಯ ಜಾತಿಗಳಲ್ಲಿ ಪ್ರಯೋಗಶಾಲೆಗಳಲ್ಲಿ ಗಮನಿಸಿದ್ದಾರೆ. ಹಳೆಯ ಕೋಣೆಯ ಬಾಗಿಲು ಆಗ ಒಳಬಾಗಿಲಾಗುತ್ತದೆ. ಎರಡು ಕೋಣೆಗಳು ಕೂಡುವ ಗೆರೆಯನ್ನು ಸಂಧಿರೇಖೆ ಎನ್ನುತ್ತಾರೆ.

ಜೋಡಣೆಯ ಬಗೆಗಳು ಹಲವು. ನೋಡೊಸೇರಿಯದಲ್ಲಿ ಕೋಣೆಗಳು ಮಣಿಸರದಂತೆ ಒಂದರ ಮುಂದೊಂದು ನಿಲ್ಲುತ್ತವೆ. ಬೊಲಿವಿನ ಮತ್ತು ಟೆಕ್ಸ್ಟುಲೇರಿಯಗಳಲ್ಲಿ ಎರಡು ಸಾಲು. ಎಡಕ್ಕೊಂದು ಬಲಕ್ಕೊಂದರಂತೆ ಜಡೆ ಹೆಣೆದಂತೆ ಬೆಳೆಯುತ್ತವೆ. ಯುವಿಜೆರಿನದಲ್ಲಿ ಮೂರು ಸಾಲು. ಎಲ್ಫಿಡಿಯಂ ಒಂದೇ ಸಮತಲದಲ್ಲಿ ಸುತ್ತುವುದರಿಂದ ಎರಡು ಮುಖಗಳೂ ಒಂದೇ ತೆರನಾಗಿ ಕಾಣುತ್ತವೆ. ಅಳಿವೆಗಳಲ್ಲಿ ಹೇರಳವಾಗಿ ಸಿಗುವ ಅಮೋನಿಯ ಎಂಬ ಜಾತಿ ಬಸವನಹುಳುವಿನ ಚಿಪ್ಪಿನಂತೆ ಮೇಲಕ್ಕೇರುತ್ತ ಸುತ್ತುತ್ತದೆ. ಆದುದರಿಂದ ಒಂದು ಮುಖದಲ್ಲಿ ಎಲ್ಲ ಸುತ್ತುಗಳೂ ಕಂಡರೆ ಇನ್ನೊಂದು ಮುಖದಲ್ಲಿ ಕಡೆಯ ಸುತ್ತು ಮಾತ್ರ ಕಾಣುತ್ತದೆ. ಸ್ಪಿರಿಲ್ಲಿನದಲ್ಲಿ ಕೋಣೆಗಳ ವಿಭಾಗವೇ ಇಲ್ಲದ ಒಂದು ಕೊಳವೆ ಚಕ್ಕುಲಿಯಂತೆ ಸುತ್ತಿಕೊಂಡಿರುತ್ತದೆ.

ಇವೆಲ್ಲಕ್ಕಿಂತ ಸೊಗಸಾದುದು ಕ್ವಿಂಕ್ವೆಲೊಕ್ಯುಲಿನದ ಲೆಕ್ಕಾಚಾರ. ಇಲ್ಲಿ ಪ್ರತಿಯೊಂದು ಕೋಣೆಯೂ ಚಿಪ್ಪಿನ ಉದ್ದಕ್ಕೆ ಸಮನಾದ, ಅರ್ಧಸುತ್ತಿನ ಕೊಳವೆ. ಒಂದು ಕೋಣೆಗೂ ಅದರ ಮುಂದಿನದಕ್ಕೂ ನಡುವೆ 144 ಅಂಶಗಳ ಕೋನವಿರುತ್ತದೆ. ಐದು ಕೋಣೆಗಳಾಗುವಷ್ಟರಲ್ಲಿ 720 ಅಂಶಗಳು, ಅಂದರೆ ಸರಿಯಾಗಿ ಎರಡು ಪೂರ್ಣ ಪ್ರದಕ್ಷಿಣೆಗಳು ಮುಗಿಯುತ್ತವೆ. ಆರನೆಯ ಕೋಣೆ ಮೊದಲನೆಯದರ ಮೇಲೆಯೇ ಬಂದು ಕೂರುತ್ತದೆ. ಹೀಗಾಗಿ ಅಡ್ಡಲಾಗಿ ಕೊಯ್ದರೆ ಕೋಣೆಗಳು 72 ಅಂಶಗಳ ಅಂತರದಲ್ಲಿ ಐದು ದಿಕ್ಕುಗಳಲ್ಲಿ ನಿಂತಿರುವುದೂ, ಹೊರಗಿನಿಂದ ನೋಡಿದರೆ ಸದಾ ಐದೇ ಕೋಣೆಗಳು ಕಾಣುವುದೂ ಇದರ ಫಲ. ಗಣಿತದ ಉಪಾಧ್ಯಾಯರು ಐದು ಮೂಲೆಯ ನಕ್ಷತ್ರವನ್ನು ಕೈಯೆತ್ತದೆ ಬರೆಯಿಸುವಾಗ ಪ್ರತಿ ಮೂಲೆಯಲ್ಲಿ ಗೆರೆಯನ್ನು ತಿರುಗಿಸುವುದು ಇದೇ 144 ಅಂಶಗಳಷ್ಟು.

ಬಾಗಿಲಿನ ಸ್ವರೂಪವೂ ಗುರುತಿಗೆ ಸಹಾಯಕ. ಮಿಲಿಯೋಲಿಡುಗಳ ಬಾಗಿಲಲ್ಲಿ ಸಾಮಾನ್ಯವಾಗಿ ಒಂದು ಹಲ್ಲು ನಿಂತಿರುತ್ತದೆ; ಯುವಿಜೆರಿನಕ್ಕೆ ಹೂಜಿಯ ಕಂಠವಿದೆ; ನೋಡೊಸೇರಿಯದ ಬಾಗಿಲಿನ ಸುತ್ತ ಕಿರಣಗಳಂತೆ ಸೀಳುಗಳಿವೆ. ಹೊರಮೈಯ ಏಣು, ಮುಳ್ಳು, ಗುಬುಟುಗಳಿಗೆ ಅಷ್ಟು ಬೆಲೆ ಕೊಡಲಾಗದು. ಪರಿಸರ ಬದಲಾದಂತೆ ಅವೂ ಒಂದೇ ಪ್ರಭೇದದೊಳಗೆ ಬದಲಾಗುವುದುಂಟು.

ಚಿಪ್ಪನ್ನು ಮಾತ್ರ ನಂಬಿದವರು ದಾರಿತಪ್ಪಿದ ಒಂದು ಪ್ರಸಂಗ ನುಮ್ಮುಲೈಟುಗಳದೇ. ಒಂದೇ ಸುಣ್ಣಗಲ್ಲಿನ ಪದರದಲ್ಲಿ ದೊಡ್ಡ ಬಿಲ್ಲೆಯ ಒಂದು ಪ್ರಭೇದವೂ ಅದರ ಜೊತೆಗೆ ಚಿಕ್ಕ ಬಿಲ್ಲೆಯ ಇನ್ನೊಂದು ಪ್ರಭೇದವೂ ಜೋಡಿಯಾಗಿ ಸಿಗುತ್ತಿದ್ದವು. ಇವುಗಳಿಗೆ ಬೇರೆಬೇರೆ ಹೆಸರುಗಳೇ ಇದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಲಿಸ್ಟರ್ ಮತ್ತು ಶೌಡಿನ್ ಎಂಬವರು ಜೀವಂತ ಫೊರಾಮಿನಿಫೆರಗಳ ಜೀವನಚಕ್ರವನ್ನು ಬಿಡಿಸಿದಾಗ ಗುಟ್ಟು ಹೊರಬಿದ್ದಿತು. ಈ ಜೀವಿಗಳಲ್ಲಿ ಎರಡು ತಲೆಮಾರುಗಳು ಪರ್ಯಾಯವಾಗಿ ಬರುತ್ತವೆ. ಲಿಂಗರಹಿತವಾಗಿ ಹುಟ್ಟಿದ ಸಂತತಿಗೆ ತಾಯಿಯ ಜೀವದ್ರವ್ಯದಲ್ಲಿ ಹೆಚ್ಚು ಪಾಲು ದೊರೆಯುವುದರಿಂದ ಅದರ ಆದಿಕೋಣೆ ದೊಡ್ಡದು, ಆದರೆ ಪೂರ್ಣ ಚಿಪ್ಪು ಚಿಕ್ಕದು. ಎರಡು ಸೂಕ್ಷ್ಮ ಲಿಂಗಾಣುಗಳ ಕೂಡಿಕೆಯಿಂದ ಹುಟ್ಟಿದುದಕ್ಕೆ ಆದಿಕೋಣೆ ತೀರ ಚಿಕ್ಕದು, ಚಿಪ್ಪು ಬಹುವೇಳೆ ದೊಡ್ಡದಾಗಿ ಬೆಳೆಯುತ್ತದೆ. ನುಮ್ಮುಲೈಟುಗಳ ಜೋಡಿ ಪ್ರಭೇದಗಳು ಒಂದೇ ಪ್ರಭೇದದ ಎರಡು ತಲೆಮಾರುಗಳಾಗಿದ್ದವು.

ಈ ಆದಿಕೋಣೆಯ ಅಳತೆಗೆ ಕರ್ನಾಟಕದ ಕಡಲತೀರದೊಡನೆ ಒಂದು ನೇರವಾದ ನಂಟಿದೆ. ಗೋವೆಯ ದೋನಾ ಪಾವ್ಲದಲ್ಲಿರುವ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಕಾರವಾರದ ಬಳಿ, ಕಾಳಿ ನದಿ ಕಡಲನ್ನು ಸೇರುವ ಪ್ರದೇಶದಲ್ಲಿ, ತಳದ ಕೆಸರಿನಿಂದ ರೊಟಾಲಿಡಿಯಂ ಅನೆಕ್ಟೆನ್ಸ್ ಎಂಬ ಪ್ರಭೇದದ ಚಿಪ್ಪುಗಳನ್ನು ಆಯ್ದು ಆದಿಕೋಣೆಯ ಸರಾಸರಿ ಗಾತ್ರವನ್ನು ಅಳೆದರು. ನದಿ ತರುವ ಸಿಹಿನೀರಿನ ಪ್ರಮಾಣಕ್ಕೂ ಆ ಗಾತ್ರಕ್ಕೂ ಸಂಬಂಧವಿದೆಯೆಂದು 1995ರಲ್ಲಿ ಪ್ರಕಟವಾದ ಅವರ ಅಧ್ಯಯನ ತೋರಿಸಿತು. ಪಶ್ಚಿಮಘಟ್ಟದಲ್ಲಿ ಮಳೆ ಹೆಚ್ಚಾದರೆ ಕಾಳಿಯಲ್ಲಿ ನೀರು ಹೆಚ್ಚು. ಆ ನೀರು ಅಳಿವೆಯ ಮುಂದಿನ ಕಡಲಿನ ಉಪ್ಪನ್ನು ಇಳಿಸುತ್ತದೆ. ಜೀವಿಯ ಸಂತಾನಕ್ರಮ ಅದಕ್ಕೆ ತಕ್ಕಂತೆ ಹೊರಳುತ್ತದೆ. ಮಳೆಮಾಪಕಗಳು ಹುಟ್ಟುವ ಮೊದಲಿನ ಮುಂಗಾರುಗಳ ಏರಿಳಿತವನ್ನು ಕೆಸರಿನ ಪದರಗಳಿಂದ ಓದುವ ಪ್ರಯತ್ನಕ್ಕೆ ಇದು ದಾರಿಯಾಯಿತು.

ಇಷ್ಟರಲ್ಲಿ ಚಿಪ್ಪುಗಳ ಪಟ್ಟಿ ಅಗಾಧವಾಗಿ ಬೆಳೆದಿತ್ತು. 1872ರಿಂದ 1876ರವರೆಗೆ ಲೋಕದ ಸಾಗರಗಳನ್ನು ಸುತ್ತಿದ ಚಾಲೆಂಜರ್ ಹಡಗು ತಂದ ಫೊರಾಮಿನಿಫೆರಗಳನ್ನು ನ್ಯೂಕಾಸಲಿನಲ್ಲಿ ಔಷಧ ವ್ಯಾಪಾರಿಯಾಗಿದ್ದ ಹೆನ್ರಿ ಬ್ರೇಡಿ ಪರಿಶೀಲಿಸಿ, 1884ರಲ್ಲಿ 115 ಚಿತ್ರಫಲಕಗಳೊಡನೆ ಪ್ರಕಟಿಸಿದನು. ಇಂದಿಗೂ ಆ ಚಿತ್ರಗಳನ್ನು ತೆರೆಯದೆ ಕಡಲತಳದ ಪ್ರಭೇದವೊಂದನ್ನು ಖಚಿತವಾಗಿ ಹೆಸರಿಸುವವರು ಕಡಿಮೆ. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಜೋಸೆಫ್ ಕುಷ್ಮನ್ ಈ ಶಾಸ್ತ್ರವನ್ನು ತೈಲ ಶೋಧನೆಗೆ ಹೊಂದಿಸಿದನು. ಬಾವಿಯ ಕೊರೆತದಿಂದ ಮೇಲೆ ಬರುವ ಚೂರುಗಳಲ್ಲಿ ದೊಡ್ಡ ಪಳೆಯುಳಿಕೆಗಳು ಪುಡಿಯಾಗಿ ಹೋಗುತ್ತವೆ, ಫೊರಾಮಿನಿಫೆರಗಳು ಇಡಿಯಾಗಿ ಉಳಿಯುತ್ತವೆ. ಪದರದ ವಯಸ್ಸನ್ನು ಅವು ಹೇಳುತ್ತವೆ. ಅನಂತರ ಲೆಬ್ಲಿಕ್ ಮತ್ತು ಟ್ಯಾಪನ್ ಎಂಬ ದಂಪತಿಗಳು 1964ರಲ್ಲಿಯೂ 1987ರಲ್ಲಿಯೂ ಸಿದ್ಧಪಡಿಸಿದ ಬೃಹತ್ ಸಂಪುಟಗಳು ಗೋಡೆಯ ಆಧಾರದ ವರ್ಗೀಕರಣವನ್ನು ಪರಾಕಾಷ್ಠೆಗೆ ಮುಟ್ಟಿಸಿದವು.

ಆ ಕಟ್ಟಡಕ್ಕೆ ಬಿರುಕು ಬಿಟ್ಟುದು ಜೀನುಗಳ ಅಧ್ಯಯನದಿಂದ. ಮಿಲಿಯಮ್ಮಿನ ಎಂಬ ಅಳಿವೆಯ ಜೀವಿಯ ಉದಾಹರಣೆಯನ್ನು ನೋಡಬಹುದು. ಅದರ ಕೋಣೆಗಳ ಜೋಡಣೆ ಕ್ವಿಂಕ್ವೆಲೊಕ್ಯುಲಿನದಂತೆಯೇ ಇದೆ, ಆದರೆ ಗೋಡೆ ಮಾತ್ರ ಮರಳಿನದು. ಗೋಡೆಯನ್ನು ನಂಬಿದವರು ಅದನ್ನು ಟೆಕ್ಸ್ಟುಲೇರಿಯ ಮುಂತಾದ ಅಂಟುಗೋಡೆಯವರ ಮನೆತನಕ್ಕೆ ಸೇರಿಸಿದ್ದರು. 2006ರಲ್ಲಿ ಅದರ ಜೀನುಗಳನ್ನು ಓದಿದಾಗ ಅದು ಮಿಲಿಯೋಲಿಡುಗಳ ಒಡಹುಟ್ಟು ಎಂದು ಸ್ಪಷ್ಟವಾಯಿತು. ಸುಣ್ಣ ಕಟ್ಟುವ ವಂಶದಲ್ಲಿ ಹುಟ್ಟಿ, ಸುಣ್ಣವನ್ನು ಬಿಟ್ಟು, ಮರಳಿಗೆ ಹೊರಳಿದ ಜೀವಿ ಅದು. 2013ರಲ್ಲಿ ಪಾವ್ಲೊವ್ಸ್ಕಿ, ಹೋಲ್ಜ್‌ಮನ್ ಮತ್ತು ಟಿಷ್ಕ ಎಂಬವರು ಇಡೀ ಗುಂಪನ್ನು ಪುನಃ ಜೋಡಿಸಿದರು. ಅವರ ಪ್ರಕಾರ ಹಲವು ಕೋಣೆಗಳ ಫೊರಾಮಿನಿಫೆರಗಳಲ್ಲಿ ಎರಡು ಮಹಾಶಾಖೆಗಳಿವೆ: ದುಂಡು ಕೋಣೆಗಳನ್ನು ಕಟ್ಟುವ ಗ್ಲೋಬೊಥಲಾಮಿಯ ಮತ್ತು ಕೊಳವೆಯಾಕಾರದ ಕೋಣೆಗಳನ್ನು ಕಟ್ಟುವ ಟ್ಯೂಬೊಥಲಾಮಿಯ. ಮರಳುಗೋಡೆಯ ಟೆಕ್ಸ್ಟುಲೇರಿಯವೂ ಗಾಜುಗೋಡೆಯ ಅಮೋನಿಯವೂ ಮೊದಲನೆಯ ಶಾಖೆಯಲ್ಲಿ ಒಟ್ಟಿಗೆ ಬರುತ್ತವೆ. ಪಿಂಗಾಣಿಗೋಡೆಯ ಕ್ವಿಂಕ್ವೆಲೊಕ್ಯುಲಿನ, ಚಕ್ಕುಲಿಯಂತಹ ಸ್ಪಿರಿಲ್ಲಿನ, ಮರಳಿನ ಮಿಲಿಯಮ್ಮಿನ ಎರಡನೆಯದರಲ್ಲಿ. ಒಂಟಿಕೋಣೆಯವು ಒಂದೇ ಶಾಖೆಯಾಗಿರದೆ, ಈ ಎರಡೂ ಕವಲೊಡೆದ ಹಳೆಯ ಬುಡವಾಗಿ ನಿಲ್ಲುತ್ತವೆ. ನೋಡೊಸೇರಿಯದ ಗುಂಪಿನ ಸ್ಥಾನವನ್ನು ಅವರು ಅನಿಶ್ಚಿತವಾಗಿಯೇ ಬಿಟ್ಟರು.

ಅಂದರೆ ಕೋಣೆಯ ಆಕಾರ ಮತ್ತು ಜೋಡಣೆಯೇ ಮೊದಲ ಗುರುತು ಎಂದ ಡೋರ್ಬಿನಿಯ ಮಾತಿಗೆ ಹತ್ತಿರಹತ್ತಿರ ಇನ್ನೂರು ವರ್ಷಗಳ ಅನಂತರ ಬೆಲೆ ಬಂದಿತು. ಪ್ರಾಣಿಯನ್ನೇ ತಪ್ಪಾಗಿ ತಿಳಿದವನು ಅದರ ಬಂಧುತ್ವದ ದಾರಿಯನ್ನು ಸರಿಯಾಗಿ ಕಂಡಿದ್ದನು. ಪ್ರಾಣಿಯನ್ನು ಸರಿಯಾಗಿ ತಿಳಿದವರು ಆ ದಾರಿಯನ್ನು ಬಿಟ್ಟಿದ್ದರು. ಹಾಗೆಂದು ಡೋರ್ಬಿನಿಯ ಪದ್ಧತಿ ಇಡಿಯಾಗಿ ಗೆದ್ದಿತೆನ್ನುವಂತಿಲ್ಲ. ಒಂದೇ ಸಾಲಿನ ಬೆಳವಣಿಗೆ ಬೇರೆಬೇರೆ ವಂಶಗಳಲ್ಲಿ ಹಲವು ಬಾರಿ ತಾನಾಗಿ ಹುಟ್ಟಿದೆ. ಅವನು ಅವುಗಳನ್ನೆಲ್ಲ ಒಂದೇ ಕುಟುಂಬಕ್ಕೆ ತುಂಬಿದ್ದನು. ಗಣದೊಳಗಿನ ವಿಂಗಡಣೆಗೆ ಗೋಡೆಯ ಲಕ್ಷಣ ಇಂದಿಗೂ ಅನಿವಾರ್ಯ.

ಜೀನು ಬಂದಮೇಲೆ ಚಿಪ್ಪಿನ ಕೆಲಸ ಮುಗಿಯಿತೆಂದು ಭಾವಿಸುವವರಿಗೆ ಅಮೋನಿಯದ ಕಥೆ ಉತ್ತರ ಕೊಡುತ್ತದೆ. ಅಳಿವೆಗಳಲ್ಲಿ ಕಂಡ ಅಮೋನಿಯಗಳನ್ನೆಲ್ಲ ಬಹುಕಾಲ ಒಂದೆರಡು ಹೆಸರುಗಳಿಂದಲೇ ಕರೆಯುತ್ತಿದ್ದರು. 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ಜೀನಿನ ಆಧಾರದಿಂದ ಅವುಗಳಲ್ಲಿ 13 ಬಗೆಗಳನ್ನು ಗುರುತಿಸಿತು. ಆಮೇಲೆ ಅದೇ ಚಿಪ್ಪುಗಳನ್ನು ಮತ್ತೆ ಕೈಗೆತ್ತಿಕೊಂಡು ರಂಧ್ರಗಳ ಗಾತ್ರ, ಸಂಧಿರೇಖೆಗಳ ಆಳ, ಸುತ್ತಿನ ಎತ್ತರ ಮುಂತಾದುವನ್ನು ತಾಳ್ಮೆಯಿಂದ ಅಳೆದಾಗ, ಆ ಬಗೆಗಳು ಚಿಪ್ಪಿನಲ್ಲಿಯೂ ಬೇರೆಯಾಗಿಯೇ ಕಂಡವು. ವ್ಯತ್ಯಾಸ ಮೊದಲಿನಿಂದಲೂ ಅಲ್ಲಿಯೇ ಇದ್ದಿತು.

ಕಡಲತಳದ ಧೂಳಿನಂತಹ ಚಿಪ್ಪಿಗೆ ಸರಿಯಾದ ಹೆಸರು ಬಿದ್ದರೇನು, ತಪ್ಪು ಹೆಸರು ಬಿದ್ದರೇನು ಎಂಬ ಪ್ರಶ್ನೆ ಸಹಜವಾದದ್ದೇ. ಭೂಮಿಯ ಹವಾಮಾನದ ಪ್ರಾಚೀನ ಲೆಕ್ಕಪತ್ರ ಈ ಹೆಸರುಗಳ ಮೇಲೆ ನಿಂತಿದೆ. ಚಿಪ್ಪಿನ ಸುಣ್ಣದಲ್ಲಿ ಆಮ್ಲಜನಕದ ಭಾರವಾದ ಮತ್ತು ಹಗುರವಾದ ಐಸೊಟೋಪುಗಳ ಪ್ರಮಾಣವು ಆ ಕಾಲದ ನೀರಿನ ಉಷ್ಣತೆಯನ್ನೂ ಭೂಮಿಯ ಮೇಲಿದ್ದ ಹಿಮದ ರಾಶಿಯನ್ನೂ ಅವಲಂಬಿಸಿರುತ್ತದೆ. ಕಡಲ ಮೇಲ್ಮೈ ಋತುಋತುವಿಗೆ ಬದಲಾಗುತ್ತದೆ, ಆಳದ ತಳ ಅಷ್ಟು ಬೇಗ ಬದಲಾಗದು; ಆದುದರಿಂದ ಹಿಮಯುಗಗಳ ಹೆಜ್ಜೆಗುರುತಿಗೆ ತಳವಾಸಿಗಳೇ ಹೆಚ್ಚು ನಂಬುಗೆಯ ಸಾಕ್ಷಿಗಳೆಂದು ಕೇಂಬ್ರಿಜಿನ ನಿಕೊಲಸ್ ಷ್ಯಾಕಲ್ಟನ್ ತೋರಿಸಿಕೊಟ್ಟನು. ಸಾಗರಗಳ 57 ತಾಣಗಳ ತಳವಾಸಿ ಚಿಪ್ಪುಗಳಿಂದ 53 ಲಕ್ಷ ವರ್ಷಗಳ ಹವಾಮಾನದ ಒಂದೇ ಸಮಗ್ರ ರೇಖೆಯನ್ನು 2005ರಲ್ಲಿ ಲಿಸಿಯೆಕಿ ಮತ್ತು ರೇಮೊ ಎಂಬ ವಿದುಷಿಯರು ಪ್ರಕಟಿಸಿದರು.

ಆದರೆ ಎಲ್ಲ ಜಾತಿಗಳೂ ನೀರಿನ ಐಸೊಟೋಪುಗಳನ್ನು ಒಂದೇ ರೀತಿಯಲ್ಲಿ ದಾಖಲಿಸುವುದಿಲ್ಲ. ಒಂದೇ ತಾಣದಲ್ಲಿ, ಒಂದೇ ಕಾಲದಲ್ಲಿ ಬಾಳಿದ ಸಿಬಿಸಿಡಾಯ್ಡಿಸ್ ಎಂಬ ಜಾತಿಯ ಚಿಪ್ಪು ಯುವಿಜೆರಿನದ ಚಿಪ್ಪಿಗಿಂತ ಸಾವಿರಕ್ಕೆ ಸುಮಾರು 0.64ರಷ್ಟು ಕಡಿಮೆ ಮೌಲ್ಯವನ್ನು ತೋರಿಸುತ್ತದೆ. ಈ ಅಂಕಿ ಅಲ್ಪವೆಂದು ತೋರಬಹುದು. ಉಷ್ಣತೆಗೆ ಪರಿವರ್ತಿಸಿದರೆ ಅದು ಸುಮಾರು ಎರಡೂವರೆ ಡಿಗ್ರಿ ಸೆಂಟಿಗ್ರೇಡು. ಸುರುಳಿ ಸುತ್ತಿದ ಚಿಪ್ಪನ್ನೂ ಮೂರು ಸಾಲಿನ ಚಿಪ್ಪನ್ನೂ ಬೇರೆಮಾಡದೆ ಯಂತ್ರಕ್ಕೆ ಹಾಕಿದವನು ಎಂದೂ ನಡೆಯದ ಒಂದು ಹವಾಮಾನ ವ್ಯತ್ಯಾಸವನ್ನು ಕಂಡುಹಿಡಿದುಬಿಡಬಹುದು.

ಗೋಡೆಯ ದ್ರವ್ಯವೂ ಇಲ್ಲಿ ಬೇರೆಯೇ ಒಂದು ಮಹತ್ತ್ವವನ್ನು ಪಡೆಯುತ್ತದೆ. ಕಡಲು ಆಳವಾದಂತೆ ತಣ್ಣನೆಯ ನೀರು ಒತ್ತಡದಲ್ಲಿ ಸುಣ್ಣವನ್ನು ಕರಗಿಸತೊಡಗುತ್ತದೆ. ನಾಲ್ಕೈದು ಕಿಲೋಮೀಟರುಗಳ ಕೆಳಗೆ ಸುಣ್ಣದ ಚಿಪ್ಪು ಉಳಿಯುವುದು ಕಷ್ಟ. 2005ರಲ್ಲಿ ಜಪಾನಿನ ವಿಜ್ಞಾನಿಗಳು ಪೆಸಿಫಿಕ್ ಸಾಗರದ ಚಾಲೆಂಜರ್ ಕಂದಕದಲ್ಲಿ, ಸುಮಾರು 10,900 ಮೀಟರುಗಳ ಆಳದಿಂದ ಎತ್ತಿದ ಕೆಸರಿನಲ್ಲಿ ಜೀವಂತ ಫೊರಾಮಿನಿಫೆರಗಳನ್ನು ಕಂಡುದನ್ನು ವರದಿಮಾಡಿದರು. ಅವುಗಳಲ್ಲಿ ಬಹುಪಾಲು ಸುಣ್ಣವಿಲ್ಲದ ಮೃದುವಾದ ಜೈವಿಕ ಪೊರೆಯ ಚಿಪ್ಪಿನವು. ಸುಮಾರು 5.6 ಕೋಟಿ ವರ್ಷಗಳ ಹಿಂದೆ ವಾತಾವರಣಕ್ಕೆ ಇಂಗಾಲ ಹೇರಳವಾಗಿ ಸೇರಿ, ಭೂಮಿ ಬಿಸಿಯಾಗಿ, ಕಡಲ ನೀರು ಆಮ್ಲದತ್ತ ಜರುಗಿದಾಗ ಆಳಗಡಲಿನ ತಳವಾಸಿ ಪ್ರಭೇದಗಳಲ್ಲಿ ಮೂರರಲ್ಲೊಂದು ಪಾಲಿನಿಂದ ಅರ್ಧದಷ್ಟು ಅಳಿದುಹೋದವು. ಇಂದು ಕಲ್ಲಿದ್ದಲು ಮತ್ತು ತೈಲದ ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡಿನ ಒಂದು ದೊಡ್ಡ ಪಾಲನ್ನು ಕಡಲೇ ಹೀರಿಕೊಳ್ಳುತ್ತಿರುವುದರಿಂದ, ಆ ಹಳೆಯ ಪದರಗಳನ್ನು ಮತ್ತೆಮತ್ತೆ ತೆರೆದು ಓದಲಾಗುತ್ತಿದೆ.

ಕನ್ನಡನಾಡಿನ ಒಳನಾಡಿನಲ್ಲಿ ಫೊರಾಮಿನಿಫೆರಗಳನ್ನು ಹುಡುಕುವವರಿಗೆ ಒಂದು ಮಾತು ಅಗತ್ಯ. ಮನೆಮನೆಯ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು ಸುಣ್ಣಗಲ್ಲೇ ಆದರೂ ಅದರಲ್ಲಿ ಇವು ಸಿಗಲಾರವು. ಆ ಕಲ್ಲು ಕೇಂಬ್ರಿಯನ್ ಯುಗಕ್ಕಿಂತಲೂ ಹಿಂದಿನದು. ಫೊರಾಮಿನಿಫೆರಗಳ ಚಿಪ್ಪುಗಳು ಕಾಣಿಸಿಕೊಳ್ಳುವುದು ಕೇಂಬ್ರಿಯನ್ನಿನಿಂದ ಈಚೆಗೆ. ನುಮ್ಮುಲೈಟುಗಳನ್ನು ಕಾಣಬೇಕಾದರೆ ಕಚ್ಛಕ್ಕೋ ಮೇಘಾಲಯಕ್ಕೋ ಹೋಗಬೇಕು. ಜೀವಂತ ಕಾಲದ ಚಿಪ್ಪುಗಳಿಗಾದರೆ ಕಾರವಾರ, ಮಲ್ಪೆ ಮೊದಲಾದ ತೀರಗಳ ಒಂದು ಹಿಡಿ ಮರಳು ಅಥವಾ ಅಳಿವೆಯ ಕೆಸರು ಸಾಕು. ಅದನ್ನು ಸಿಹಿನೀರಿನಲ್ಲಿ ಕದಡಿ, ಅತಿ ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದು ಜೇಡಿಯನ್ನು ಹರಿಯಬಿಡಬೇಕು. ಸಂಶೋಧಕರು 0.063 ಮಿಲಿಮೀಟರು ಕಣ್ಣಿನ ಜರಡಿಯನ್ನು ಬಳಸುತ್ತಾರೆ. ಶಾಲೆಗೆ ಅದಕ್ಕಿಂತ ಸ್ವಲ್ಪ ದೊಡ್ಡದಾದರೂ ಸಾಲುತ್ತದೆ. ಉಳಿದುದನ್ನು ನೆರಳಿನಲ್ಲಿ ಒಣಗಿಸಿ, ಕಪ್ಪು ಕಾಗದದ ಮೇಲೆ ತೆಳ್ಳಗೆ ಹರಡಿ, ಹತ್ತುಪಟ್ಟು ಹಿಗ್ಗಿಸುವ ಭೂತಗನ್ನಡಿಯಿಂದ ನೋಡಿದರೆ ಸುರುಳಿಗಳು ಕಣ್ಣಿಗೆ ಬೀಳತೊಡಗುತ್ತವೆ. ಗೋಡೆ ಮತ್ತು ಬಾಗಿಲುಗಳ ವಿವರಕ್ಕೆ ಸೂಕ್ಷ್ಮದರ್ಶಕ ಬೇಕು. ಚಿಪ್ಪನ್ನು ಚಿಮುಟದಿಂದ ಹಿಡಿಯಬಾರದು, ಒಡೆದುಹೋಗುತ್ತದೆ. ತುದಿಯನ್ನು ನೀರಿನಲ್ಲಿ ಅದ್ದಿದ ಅತಿ ಸಣ್ಣ ಕುಂಚಕ್ಕೆ ಅದು ತಾನಾಗಿ ಅಂಟಿಕೊಳ್ಳುತ್ತದೆ. ಆಯ್ದುದನ್ನು ಕಪ್ಪು ರಟ್ಟಿನ ಮೇಲೆ ಅಂಟಿಸಿ, ಮೊದಲು ಗೋಡೆಯ ಬಗೆಯನ್ನೂ ಆಮೇಲೆ ಕೋಣೆಗಳ ಜೋಡಣೆಯನ್ನೂ ಕೊನೆಗೆ ಬಾಗಿಲನ್ನೂ ಬರೆದಿಡುವುದು ವಾಡಿಕೆಯ ಕ್ರಮ. ಮರಳು ತಂದ ತೀರದ ಹೆಸರು, ನೀರಿನ ಆಳ ಮತ್ತು ದಿನಾಂಕವನ್ನು ಅದೇ ರಟ್ಟಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯತಕ್ಕದ್ದು. ಶಾಯಿ ತೇವಕ್ಕೆ ಅಳಿಸಿಹೋಗುತ್ತದೆ.